ಮೌಸ್ ಪ್ಯಾಡ್ ಮೇಲೆ ಲಿಂಕನ್: ಹಳೆಯ ಅಧ್ಯಕ್ಷರ ಭಾವಚಿತ್ರವನ್ನು ಕಲಬುರಗಿಯಲ್ಲೇ ಚೆನ್ನಾಗಿ ಅಚ್ಚು ಹಾಕಿಸುವುದು ಹೇಗೆ?

ಮೌಸ್ ಪ್ಯಾಡ್ ಮೇಲೆ ದೊಡ್ಡವರ ಚಿತ್ರ ಹಾಕಿಸುವವರು ಬಹುತೇಕ ಒಂದೇ ಎಡವಟ್ಟು ಮಾಡುತ್ತಾರೆ. ಮುಖವನ್ನು ಪ್ಯಾಡಿನ ನಟ್ಟನಡುವೆ, ಅಂಚಿನಿಂದ ಅಂಚಿನವರೆಗೆ ದೊಡ್ಡದಾಗಿ ಹಾಕಿಸುತ್ತಾರೆ. ಅಂಗಡಿಯ ಗಾಜಿನ ಮೇಲೆ ಇಟ್ಟು ನೋಡಿದಾಗ ಭಾರಿ ಚೆಂದ. ಮನೆಗೆ ತಂದು ಕೆಲಸ ಶುರು ಮಾಡಿದರೆ ಮೌಸ್ ಹೋಗಿ ಲಿಂಕನ್ ಮೂಗಿನ ಮೇಲೆ ಕೂರುತ್ತದೆ, ಅಂಗೈ ಗಡ್ಡದ ಮೇಲೆ. ಚಿತ್ರ ಕಾಣುವುದೇ ಇಲ್ಲ. ಮನೆಯಲ್ಲಿ ಹಿರಿಯರು ಇದ್ದರಂತೂ ಮುಗಿಯಿತು: "ಏನೋ ತಮ್ಮಾ, ದೊಡ್ಡವರ ಮಾರಿ ಮ್ಯಾಲೆ ಕೈ ಆಡಸ್ತಿಯಲ್ಲೋ?"

ಅವರು ಕೇಳುವುದರಲ್ಲಿ ತಪ್ಪಿಲ್ಲ. ಗೋಡೆಗೆ ಹಾಕುವ ಚಿತ್ರ ಬೇರೆ, ಮೇಜಿನ ಮೇಲೆ ಮಲಗಿಸಿ ದಿನವಿಡೀ ಕೈ ಆಡಿಸುವ ಚಿತ್ರ ಬೇರೆ. ಮುಖವನ್ನು ಎಲ್ಲಿ ಇಡುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದೊಂದು ಸರಿಹೋದರೆ ಫೋಟೋ ಸಣ್ಣದಾಯಿತು, ಮಸುಕಾಯಿತು ಎನ್ನುವ ತಲೆನೋವು ಕೂಡ ಅರ್ಧ ಕಡಿಮೆಯಾಗುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾರ ಚಿತ್ರ ಹಾಕಿಸಬೇಕು?

ಇದು ಯಾರಿಗೆ ಕೊಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಸೆಪ್ಟೆಂಬರ್ 5ಕ್ಕೆ ಶಿಕ್ಷಕರಿಗೆ ಕೊಡುವುದಾದರೆ ಡಾ. ಎಸ್. ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವರು ಅವರು. ಜನವರಿ 26ರ ಕಾರ್ಯಕ್ರಮದ ಬಹುಮಾನಕ್ಕೆ ಮೊದಲ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್. ಕನ್ನಡಿಗರೇ ಬೇಕು ಅಂದರೆ ಬಿ.ಡಿ. ಜತ್ತಿ ಇದ್ದಾರೆ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಕ್ವಿಜ್ ಗೆದ್ದವರಿಗೆ ಇಂಥ ಚಿತ್ರ ಕೊಟ್ಟರೆ ಮಜಾ ಇರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಭಾಗದ ಹುಡುಗರಿಗೆ ಪ್ರಣಬ್ ಮುಖರ್ಜಿ ಕೂಡ ಹೊಂದುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ತಂದ 98ನೇ ತಿದ್ದುಪಡಿಗೆ ಅಂಕಿತ ಹಾಕಿದವರು ಅವರೇ ಅಲ್ವಾ?

ಇತಿಹಾಸ ಅಥವಾ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಕೊಡುವುದಾದರೆ ನನ್ನ ಮತ ಅಬ್ರಹಾಂ ಲಿಂಕನ್‌ಗೆ. ಫೋಟೋಗ್ರಫಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇಷ್ಟೊಂದು ಸಲ ಕ್ಯಾಮರಾ ಮುಂದೆ ಕೂತ ನಾಯಕರು ಕಡಿಮೆ. ಮುಖವೂ ಅಂಥದ್ದೇ, ಸಣ್ಣದಾಗಿ ಅಚ್ಚು ಹಾಕಿದರೂ ದೂರದಿಂದಲೇ ಗುರುತು ಸಿಗುತ್ತದೆ. ಹಾಗಾಗಿ ಕೆಳಗಿನ ಹಂತಗಳಿಗೆಲ್ಲ ಲಿಂಕನ್ನರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇರೆಯವರ ಚಿತ್ರಕ್ಕೆ ಏನು ಬದಲಾಗುತ್ತದೆ ಎಂಬುದನ್ನು ಅಲ್ಲಲ್ಲೇ ಹೇಳುತ್ತೇನೆ.

ಯಾವ ಫೋಟೋ, ಎಲ್ಲಿಂದ?

ಲಿಂಕನ್ನರ ಫೋಟೋಗಳಲ್ಲಿ ಮೂರು ನಾಲ್ಕು ಮುಖ್ಯ. 1860ರ ಫೆಬ್ರವರಿ 27ರಂದು ನ್ಯೂಯಾರ್ಕಿನಲ್ಲಿ ಮ್ಯಾಥ್ಯೂ ಬ್ರಾಡಿ ತೆಗೆದದ್ದರಲ್ಲಿ ಗಡ್ಡ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ 'ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ' ಅಂತ ಪತ್ರ ಬರೆದಳು. ಲಿಂಕನ್ ಗಡ್ಡ ಬಿಟ್ಟರು. 1864ರ ಫೆಬ್ರವರಿ 9ರಂದು ಆಂಥೊನಿ ಬರ್ಗರ್ ತೆಗೆದ ಫೋಟೋಗಳಲ್ಲಿ ಒಂದು ಐದು ಡಾಲರ್ ನೋಟಿನ ಚಿತ್ರಕ್ಕೆ ಆಧಾರವಾಯಿತು.

ನಮ್ಮ ಕೆಲಸಕ್ಕೆ ಹೇಳಿಮಾಡಿಸಿದ್ದು 1863ರ ನವೆಂಬರ್ 8ರಂದು ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದದ್ದು. ಲಿಂಕನ್ ಕ್ಯಾಮರಾವನ್ನು ನೇರವಾಗಿ ನೋಡುತ್ತಿದ್ದಾರೆ. ಇದಾದ 11 ದಿನಕ್ಕೆ, ನವೆಂಬರ್ 19ರಂದು, ಗೆಟ್ಟಿಸ್‌ಬರ್ಗ್ ಭಾಷಣ. 'ಜನರ, ಜನರಿಂದ, ಜನರಿಗಾಗಿ ಇರುವ ಸರ್ಕಾರ' ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಾತು ಆಡಿದಾಗ ಅವರ ಮುಖ ಹೇಗಿತ್ತು ಎಂದು ತಿಳಿಯಲು ಇದಕ್ಕಿಂತ ಹತ್ತಿರದ ಫೋಟೋ ಯಾಕೆ ಬೇಕು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಜಾಲತಾಣದಲ್ಲಿ ಲಿಂಕನ್ ಫೋಟೋಗಳ ದೊಡ್ಡ ಟಿಫ್ ಕಡತಗಳನ್ನು ಉಚಿತವಾಗಿ ಇಟ್ಟಿದೆ. ವಿಕಿಮೀಡಿಯ ಕಾಮನ್ಸ್‌ನಲ್ಲೂ ಸಿಗುತ್ತವೆ. ಅಲ್ಲಿಂದ ಇಳಿಸಿಕೊಳ್ಳಿ. ಗೂಗಲ್ ಇಮೇಜಸ್‌ನಲ್ಲಿ ಕಂಡ ಚಿಕ್ಕ ಚಿತ್ರವನ್ನು ಒತ್ತಿ ಹಿಡಿದು ಸೇವ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಬಂದದ್ದಂತೂ ಬೇಡವೇ ಬೇಡ. ಫೋಟೋ ಅಂತ ಕಳಿಸುವಾಗಲೇ ಚಿತ್ರ ಕುಗ್ಗಿರುತ್ತದೆ.

ಚಿತ್ರ ಅಸಲಿಯೋ ಅಲ್ಲವೋ ಅಂತಲೂ ನೋಡಿಕೊಳ್ಳಿ. ಲಿಂಕನ್ ಎದ್ದು ನಿಂತು ಗತ್ತಿನಿಂದ ಪೋಸ್ ಕೊಟ್ಟಿರುವ ಪ್ರಸಿದ್ಧ ಅಚ್ಚುಚಿತ್ರವೊಂದಿದೆ. ಅದರಲ್ಲಿ ತಲೆ ಮಾತ್ರ ಲಿಂಕನ್ನರದು, ಮೈ ಜಾನ್ ಕ್ಯಾಲ್ಹೂನ್ ಅವರದು. ಕ್ಯಾಲ್ಹೂನ್ ಅಂದರೆ ಗುಲಾಮಗಿರಿಯನ್ನು ಜೀವನವಿಡೀ ಸಮರ್ಥಿಸಿಕೊಂಡ ರಾಜಕಾರಣಿ! ಫೋಟೋಶಾಪ್ ಹುಟ್ಟುವ ಎಷ್ಟೋ ಮೊದಲೇ ಜನ ಇಂಥ ಕೆಲಸ ಮಾಡಿದ್ದಾರೆ. ಇತಿಹಾಸದ ಮೇಷ್ಟ್ರಿಗೆ ಇದನ್ನು ಉಡುಗೊರೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ.

ಹಕ್ಕಿನ ಮಾತು

ಲಿಂಕನ್ ಕಾಲದ ಫೋಟೋಗಳಿಗೆ ಈಗ ಯಾರ ಕಾಪಿರೈಟೂ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಫೋಟೋಗಳಿಗೂ ಅಲ್ಲಿ ಕಾಪಿರೈಟ್ ಇರುವುದಿಲ್ಲ. ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ಪ್ರಕಟವಾದ ಮರುವರ್ಷದ ಜನವರಿ 1ರಿಂದ 60 ವರ್ಷ ಲೆಕ್ಕ. 1962ರಲ್ಲಿ ಪ್ರಕಟವಾದ ರಾಧಾಕೃಷ್ಣನ್ ಫೋಟೋ 2022ರ ಕೊನೆಗೆ ಮುಕ್ತವಾಯಿತು. ಅಬ್ದುಲ್ ಕಲಾಂ ರಾಷ್ಟ್ರಪತಿಯಾಗಿದ್ದು 2002ರಿಂದ 2007ರವರೆಗೆ, ಹಾಗಾಗಿ ಆಗಿನ ಅವರ ಫೋಟೋಗಳಿಗೆ ಇನ್ನೂ ಹಕ್ಕುದಾರರು ಇದ್ದಾರೆ. ನಿಮ್ಮ ಮೇಜಿಗೆ ಒಂದು ಮಾಡಿಸಿಕೊಂಡರೆ ಯಾರೂ ಬಾಗಿಲು ಬಡಿಯುವುದಿಲ್ಲ, ಆದರೆ ಮಾರುವ ಯೋಚನೆ ಇದ್ದರೆ ಅನುಮತಿ ಬೇಕು. ಕಲಾವಿದರು ಬಿಡಿಸಿದ ಚಿತ್ರವಾದರೆ ಅವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ.

ಅಳತೆ ಮತ್ತು ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಖಾಲಿ ಪ್ಯಾಡ್ ಸುಮಾರು 22 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ, 3 ಮಿ.ಮೀ. ದಪ್ಪ ಇರುತ್ತದೆ. 24 ಗುಣಿಸು 20ರದ್ದೂ ಸಿಗುತ್ತದೆ. ಅಂಗಡಿಗೆ ಹೋಗಿ ಅಲ್ಲಿರುವ ಪ್ಯಾಡನ್ನೇ ಸ್ಕೇಲ್ ಹಿಡಿದು ಅಳೆದುಕೊಂಡು ಬನ್ನಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿ.

ನನಗೆ 22 ಗುಣಿಸು 18 ಇಷ್ಟ. ಕಾರಣ ಕಾಗದ. ಸಣ್ಣ ಅಂಗಡಿಗಳ ಪ್ರಿಂಟರ್ ಎ4 ಅಳತೆಯದು, ಅಂದರೆ 29.7 ಗುಣಿಸು 21. ಚಿತ್ರ ಪ್ಯಾಡಿಗಿಂತ ಎಲ್ಲ ಕಡೆ 3 ಮಿ.ಮೀ. ಹೆಚ್ಚಿರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಪ್ರಿಂಟರ್ ಕೂಡ ಕಾಗದದ ಅಂಚಿನಲ್ಲಿ ಸ್ವಲ್ಪ ಜಾಗ ಬಿಡುತ್ತದೆ. ಪ್ಯಾಡ್ 20 ಸೆಂ.ಮೀ. ಎತ್ತರ ಇದ್ದರೆ ಎ4 ಹಾಳೆಯಲ್ಲಿ ಇದೆಲ್ಲ ಹಿಡಿಯುವುದು ಕಷ್ಟ. 18 ಇದ್ದರೆ ಆರಾಮ.

ಹಾಗಾದರೆ ನಿಮ್ಮ ಕಡತದ ಅಳತೆ 22.6 ಗುಣಿಸು 18.6 ಸೆಂ.ಮೀ. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಸುಮಾರು 2669 ಗುಣಿಸು 2197 ಪಿಕ್ಸೆಲ್. ಬಟ್ಟೆಯ ಮೇಲೆ 200 ಚುಕ್ಕೆ ಇದ್ದರೂ ನಡೆಯುತ್ತದೆ, ನೂಲಿನ ನೇಯ್ಗೆಯಲ್ಲಿ ಅದಕ್ಕಿಂತ ಸೂಕ್ಷ್ಮ ಕಾಣುವುದು ಕಡಿಮೆ.

ಈಗ ಪ್ಯಾಡನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿ. ಬಲಗೈ ಬಳಸುವವರಿಗೆ ಬಲಗಡೆ 14 ಸೆಂ.ಮೀ. ಮೌಸಿನ ಓಡಾಟಕ್ಕೆ. ಎಡಗಡೆ 8 ಸೆಂ.ಮೀ. ಭಾವಚಿತ್ರಕ್ಕೆ. ಮೌಸ್ 6-7 ಸೆಂ.ಮೀ. ಅಗಲ ಇರುತ್ತದೆ, ಹಾಗಾಗಿ 14 ಸೆಂ.ಮೀ. ಜಾಗ ಆಫೀಸ್ ಕೆಲಸಕ್ಕೆ ಧಾರಾಳವಾಗಿ ಸಾಕು. ಮುಖವನ್ನು ಎಡಭಾಗದ ಮೇಲಿನ ಅರ್ಧದಲ್ಲಿ ಇಡಿ. ಕೆಳಗಿನ ಅರ್ಧದಲ್ಲಿ ಅವರ ಕೋಟು, ಹೆಸರು ಬರಲಿ. ಕೈ ಜಾರಿ ಎಡಕ್ಕೆ ಬಂದರೂ ಕೆಳಗಡೆಯೇ ಬರುತ್ತದೆ, ಮುಖ ಮುಟ್ಟುವುದಿಲ್ಲ.

ಮೊದಲೇ ಹೇಳಿದ ಲಾಭ ಇಲ್ಲಿದೆ. ಭಾವಚಿತ್ರದ ಜಾಗ ಬರೀ 8 ಸೆಂ.ಮೀ. ಅಗಲ. ಅದಕ್ಕೆ 300 ಚುಕ್ಕೆ ಲೆಕ್ಕದಲ್ಲೂ ಸಾವಿರದೊಳಗೆ, ಅಂದರೆ ಸುಮಾರು 945 ಪಿಕ್ಸೆಲ್ ಅಗಲದ ಫೋಟೋ ಸಾಕು. ಪೂರ್ತಿ ಪ್ಯಾಡಿಗೆ ಹಿಗ್ಗಿಸಿದರೆ ಮಸುಕಾಗುತ್ತಿದ್ದ ಫೋಟೋ ಇಲ್ಲಿ ಚುರುಕಾಗಿ ಬರುತ್ತದೆ. ನಮ್ಮ ರಾಷ್ಟ್ರಪತಿಗಳ ಹಳೆಯ ಫೋಟೋಗಳು ದೊಡ್ಡ ಅಳತೆಯಲ್ಲಿ ಸಿಗುವುದು ಕಷ್ಟವಲ್ಲವೇ? ಅಂಥವಕ್ಕೆ ಇದು ವರ.

ಎಡಗೈಯವರಿಗೆ ಜಾಗ ಅದಲು ಬದಲು ಮಾಡಿ. ಆದರೆ ಫೋಟೋವನ್ನೇ ಕನ್ನಡಿಯಂತೆ ತಿರುಗಿಸಬೇಡಿ. ಲಿಂಕನ್ನರ ಬಲಗೆನ್ನೆಯ ಮೇಲೆ ಒಂದು ನರುಳ್ಳೆ ಇತ್ತು. ಸರಿಯಾದ ಫೋಟೋದಲ್ಲಿ ಅದು ನೋಡುವವರ ಎಡಕ್ಕೆ ಕಾಣಬೇಕು. ಈ ನರುಳ್ಳೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಕ್ಕಕ್ಕೆ ತಿರುಗಿದ ಮುಖವಾದರೆ ನೋಟ ಪ್ಯಾಡಿನ ಒಳಗಡೆಗೆ ಇರುವಂಥ ಫೋಟೋ ಆರಿಸಿ. ಹೊರಗೆ ನೋಡುತ್ತಿದ್ದರೆ ಎದ್ದು ಹೋಗಲು ಕಾಯುತ್ತಿರುವ ಹಾಗೆ ಕಾಣುತ್ತದೆ.

ಬಲಗಡೆಯ 14 ಸೆಂ.ಮೀ. ಖಾಲಿ ಬಿಡಿ. ತಿಳಿ ಕಂದು ಅಥವಾ ಮಾಸಲು ಕೆನೆ ಬಣ್ಣ ಸಾಕು. ಅಚ್ಚ ಬಿಳಿ ಬೇಡ, ನಮ್ಮ ಊರಿನ ಧೂಳಿಗೆ ವಾರದಲ್ಲಿ ಕೊಳೆಯಾಗುತ್ತದೆ. ಕಡುಗಪ್ಪೂ ಬೇಡ, ಮೌಸ್ ಓಡಿದ ದಾರಿ ಸವೆದು ಬೆಳ್ಳಗೆ ಕಾಣಲು ಶುರುವಾಗುತ್ತದೆ. ಅಲಂಕಾರ ಬೇಕೇ ಬೇಕು ಅಂದರೆ ಎರಡು ಭಾಗಗಳ ನಡುವೆ ಬಿದರಿ ಕುಸುರಿಯ ಮಾದರಿಯಲ್ಲಿ ಒಂದು ಸಣ್ಣ ಬಳ್ಳಿ ಎಳೆಯಿರಿ. ಅಷ್ಟಕ್ಕೇ ನಿಲ್ಲಿಸಿ.

ಕೀಬೋರ್ಡ್ ಕೂಡ ಇಡುವಂಥ 80 ಸೆಂ.ಮೀ. ಉದ್ದದ ಪ್ಯಾಡ್ ಬೇಕೆನ್ನುವವರಿಗೆ ಒಂದು ಮಾತು. ಸಣ್ಣ ಅಂಗಡಿಗಳ ಹೀಟ್ ಪ್ರೆಸ್ (ಚಿತ್ರವನ್ನು ಬಿಸಿಯಿಂದ ಬಟ್ಟೆಗೆ ಒತ್ತುವ ಯಂತ್ರ) ಸಾಮಾನ್ಯವಾಗಿ 38 ಗುಣಿಸು 38 ಸೆಂ.ಮೀ., ಒಂದೇ ಸಲಕ್ಕೆ ಒತ್ತಲು ಆಗುವುದಿಲ್ಲ. ಎರಡು ಸಲ ಒತ್ತಿದರೆ ನಡುವೆ ಗೆರೆ ಬೀಳುತ್ತದೆ. ಜರ್ಸಿ ಅಚ್ಚು ಹಾಕುವವರ ಬಳಿ ದೊಡ್ಡ ಯಂತ್ರ ಇರಬಹುದು, ವಿಚಾರಿಸಿ.

ಹಳೆಯ ಫೋಟೋವನ್ನು ಅಚ್ಚಿಗೆ ತಯಾರು ಮಾಡುವುದು

ಫೋಟೋ ತಿದ್ದಲು ಜಿಂಪ್ ಎಂಬ ತಂತ್ರಾಂಶ ಅಥವಾ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯ, ಎರಡೂ ಉಚಿತ. ಯಾವುದಾದರೂ ಆಗುತ್ತದೆ.

ಮೊದಲು ಧೂಳಿನ ಚುಕ್ಕೆ, ಗೀರುಗಳನ್ನು ಹೀಲಿಂಗ್ ಬ್ರಷ್‌ನಿಂದ ತೆಗೆಯಿರಿ. ಹಿನ್ನೆಲೆಯಲ್ಲಿ ಎಷ್ಟು ಬೇಕಾದರೂ ತೆಗೆಯಿರಿ. ಮುಖದ ಮೇಲೆ ಕೈ ಬಿಗಿ ಹಿಡಿಯಿರಿ. ಲಿಂಕನ್ನರ ಸುಕ್ಕು, ಕೆನ್ನೆಯ ಹಳ್ಳಗಳೇ ಆ ಮುಖ. 'ಬ್ಯೂಟಿ' ಬಟನ್ ಒತ್ತಿದರೆ ಮದುವೆ ಆಲ್ಬಮ್ಮಿನ ಗಂಡಿನ ಹಾಗಾಗುತ್ತಾರೆ. ಇನ್ನೊಂದು ಫೋಟೋ ಇದೆ, 1865ರ ಫೆಬ್ರವರಿ 5ರಂದು ಗಾರ್ಡ್ನರ್ ತೆಗೆದದ್ದು. ಗಾಜಿನ ನೆಗೆಟಿವ್ ಒಡೆದು ಬಿರುಕು ತಲೆಯ ಮೇಲ್ಭಾಗದಲ್ಲಿ ಹಾದುಹೋಗಿದೆ. ಅದನ್ನು ಆರಿಸಿದರೆ ಆ ಬಿರುಕನ್ನು ದಯವಿಟ್ಟು ಅಳಿಸಬೇಡಿ. ಆ ಫೋಟೋ ಹೆಸರಾಗಿರುವುದೇ ಬಿರುಕಿನಿಂದ.

ಆಮೇಲೆ ಕಪ್ಪು. ಲಿಂಕನ್ ಕೋಟು ಕಪ್ಪು, ಕೂದಲು ಕಪ್ಪು, ಗಡ್ಡವೂ ಕಪ್ಪು. ಪರದೆಯ ಮೇಲೆ ಇವು ಬೇರೆ ಬೇರೆಯಾಗಿ ಕಾಣುತ್ತವೆ, ಬಟ್ಟೆಯ ಮೇಲೆ ಒಂದೇ ಮುದ್ದೆಯಾಗುತ್ತವೆ. ಬೆಳಕು ನೆರಳು ಹೊಂದಿಸುವ 'ಕರ್ವ್ಸ್' ತೆರೆದು ಕತ್ತಲ ಭಾಗವನ್ನು ಸ್ವಲ್ಪ ಮೇಲೆತ್ತಿ. ಪರದೆಯಲ್ಲಿ ಕೋಟಿನ ಮಡಿಕೆಗಳು ಜಾಸ್ತಿಯೇ ಬೆಳಕಾದವು ಅನ್ನಿಸುವಷ್ಟು ಎತ್ತಿದರೆ ಅಚ್ಚಿನಲ್ಲಿ ಸರಿಯಾಗಿ ಬರುತ್ತದೆ.

ರಾಧಾಕೃಷ್ಣನ್ ಅವರದು ಉಲ್ಟಾ ಸಮಸ್ಯೆ. ಬಿಳಿ ಪೇಟ! ನಾವು ಮಾಡಿಸುವ ಸಬ್ಲಿಮೇಶನ್ ಮುದ್ರಣದಲ್ಲಿ (ಶಾಯಿಯನ್ನು ಬಿಸಿಯಿಂದ ಬಟ್ಟೆಗೆ ಇಳಿಸುವ ವಿಧಾನ) ಬಿಳಿ ಶಾಯಿಯೇ ಇಲ್ಲ, ಬಿಳಿ ಅಂದರೆ ಪ್ಯಾಡಿನ ಬಟ್ಟೆಯ ಬಿಳಿ. ಹಿನ್ನೆಲೆಯೂ ಬಿಳಿಯಾಗಿದ್ದರೆ ಪೇಟ ಕರಗಿ ಹೋಗಿ ಹಣೆ, ಕನ್ನಡಕ ಮಾತ್ರ ಉಳಿಯುತ್ತವೆ. ಹಿಂದೆ ಕಂದು ಅಥವಾ ನೀಲಿ ಬೂದು ಬಣ್ಣ ಹಾಕಿ. ಪೇಟದ ಮಡಿಕೆಗಳ ನೆರಳನ್ನು ತುಸು ಗಾಢ ಮಾಡಿ. ರಾಜೇಂದ್ರ ಪ್ರಸಾದರ ಗಾಂಧಿ ಟೋಪಿಗೂ ಇದೇ ಮಾತು.

ಕಪ್ಪು ಬಿಳುಪು ಫೋಟೋವನ್ನು ಹಾಗೇ ಕೊಡಬೇಕೇ? ಕೊಡದಿರುವುದು ಒಳ್ಳೆಯದು. ಪ್ರಿಂಟರ್ ಬೂದು ಬಣ್ಣವನ್ನು ಬೇರೆ ಬೇರೆ ಶಾಯಿ ಬೆರೆಸಿ ಮಾಡುತ್ತದೆ. ಒಂದು ಚೂರು ಹೆಚ್ಚು ಕಡಿಮೆಯಾದರೂ ಮುಖ ಹಸಿರಾಗುತ್ತದೆ, ಇಲ್ಲವೇ ಗುಲಾಬಿ. ನೀವೇ ಮೊದಲು ತೆಳುವಾದ ಕಂದು ಛಾಯೆ ಕೊಟ್ಟುಬಿಡಿ. ಸಣ್ಣ ಏರುಪೇರು ಅದರಲ್ಲಿ ಮುಚ್ಚಿಹೋಗುತ್ತದೆ. ಇದು ಮೋಸವೂ ಅಲ್ಲ. 1860ರ ದಶಕದ ಫೋಟೋಗಳನ್ನು ಮೊಟ್ಟೆಯ ಬಿಳಿ ಹಚ್ಚಿದ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, ಅವುಗಳ ಬಣ್ಣ ಕಂದೇ ಇತ್ತು.

ಪೂರ್ತಿ ಬಣ್ಣ ತುಂಬಿಸುವ ಎಐ ಆಪ್‌ಗಳ ಬಗ್ಗೆ ನನಗೆ ಸಮಾಧಾನ ಇಲ್ಲ. 1859ರಲ್ಲಿ ಲಿಂಕನ್ ತಮ್ಮ ಬಗ್ಗೆ ತಾವೇ ಬರೆದುಕೊಂಡಿದ್ದಾರೆ: ಮೈಬಣ್ಣ ಕಪ್ಪಗೆ, ಕೂದಲು ಒರಟು ಕಪ್ಪು, ಕಣ್ಣು ಬೂದು. ಆಪ್ ಇದನ್ನೆಲ್ಲ ಓದಿರುವುದಿಲ್ಲ. ತನಗೆ ತೋಚಿದ ಬಣ್ಣ ಬಳಿಯುತ್ತದೆ.

ಅಕ್ಷರ ಹಾಕುವಾಗ

ಹೆಸರು, ವರ್ಷ, ಬೇಕಿದ್ದರೆ ಒಂದು ಸಾಲು. ಅದಕ್ಕಿಂತ ಹೆಚ್ಚು ಬೇಡ.

ಆ ಒಂದು ಸಾಲಿನಲ್ಲೇ ಅಪಾಯ ಇರುವುದು. ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ 'ಮಗನ ಶಿಕ್ಷಕರಿಗೆ ಲಿಂಕನ್ ಬರೆದ ಪತ್ರ' ತೂಗಾಡುತ್ತಿರುತ್ತದೆ. ಓದಲು ಚೆನ್ನಾಗಿದೆ. ಆದರೆ ಅದನ್ನು ಲಿಂಕನ್ ಬರೆದರು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಅದರ ಸಾಲು ಹಾಕಿಸಬೇಡಿ. ಗೆಟ್ಟಿಸ್‌ಬರ್ಗ್ ಭಾಷಣದ ಮಾತು ಹಾಕಿಸಿ, ಕೆಳಗೆ '19 ನವೆಂಬರ್ 1863' ಅಂತ ಬರೆಸಿ. ಕಲಾಂ ಅವರ ಹೆಸರಿನಲ್ಲಿ ಓಡಾಡುವ ಮಾತುಗಳಿಗೂ ಇದೇ ಎಚ್ಚರ ಬೇಕು.

ಕನ್ನಡ ಅಕ್ಷರ ಅಂಗಡಿಯ ಕಂಪ್ಯೂಟರಿನಲ್ಲಿ ಒಡೆಯುವುದು ಮಾಮೂಲು. ನೀವು ಯೂನಿಕೋಡ್‌ನಲ್ಲಿ 'ರಾಷ್ಟ್ರಪತಿ' ಅಂತ ಕಳಿಸುತ್ತೀರಿ, ಅಲ್ಲಿ ಹಳೆಯ ಫೋಟೋಶಾಪ್ ಒತ್ತಕ್ಷರಗಳನ್ನು ಬಿಡಿ ಬಿಡಿಯಾಗಿ ಚೆಲ್ಲುತ್ತದೆ. ಹೊಸ ಫೋಟೋಶಾಪ್‌ನಲ್ಲೂ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಆಗಿರಬೇಕು. ಅಂಗಡಿಯವರ ಬಳಿ ನುಡಿ ಫಾಂಟ್ ಇದ್ದರೆ ಅವರು ಮತ್ತೆ ಟೈಪ್ ಮಾಡುತ್ತಾರೆ, ಹೊಸ ಕಾಗುಣಿತ ತಪ್ಪು ಸೇರುತ್ತದೆ. ಸುಲಭದ ದಾರಿ: ಅಕ್ಷರವನ್ನೂ ನೀವೇ ಜಿಂಪ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಹಾಕಿ, ಪೂರ್ತಿ ವಿನ್ಯಾಸವನ್ನು ಒಂದೇ ಚಿತ್ರವಾಗಿ ಪಿಎನ್‌ಜಿ ರೂಪದಲ್ಲಿ ಉಳಿಸಿ. ಆಗ ಒಡೆಯಲು ಅಲ್ಲಿ ಅಕ್ಷರವೇ ಇರುವುದಿಲ್ಲ. ಅಕ್ಷರದ ಎತ್ತರ 4 ಮಿ.ಮೀ.ಗಿಂತ ಕಡಿಮೆ ಬೇಡ. 'ಕ್ಷ', 'ಷ್ಟ್ರ' ಇಂಥವು ಬಟ್ಟೆಯ ಮೇಲೆ ತುಂಬಿಕೊಂಡು ಬಿಡುತ್ತವೆ.

ಕಡತವನ್ನು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಫೋಟೋ ಅಂತ ಅಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆ, ಜಗತ್ ಸರ್ಕಲ್ ಸುತ್ತಮುತ್ತ ಓಡಾಡಿ ನೋಡಿ. ಫೋಟೋ ಇರುವ ಚಹಾ ಕಪ್, ಕೀಚೈನ್, ದಿಂಬು ಜೋಡಿಸಿಟ್ಟ ಅಂಗಡಿ ಕಂಡರೆ ಅಲ್ಲಿ ಮೌಸ್ ಪ್ಯಾಡೂ ಆಗುತ್ತದೆ. ಬರೀ ಫ್ಲೆಕ್ಸ್ ಮಾಡುವವರ ಬಳಿ ಬೇಡ.

ಮೊದಲ ಪ್ರಶ್ನೆ: "ಅಣ್ಣಾ, ಇದು ಸಬ್ಲಿಮೇಶನ್ ಏನ್ರಿ, ಇಲ್ಲಾ ಸ್ಟಿಕ್ಕರ್ ಹಚ್ಚಿ ಕೊಡ್ತೀರೇನ್ರಿ?" ಸ್ಟಿಕ್ಕರ್ ಆದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ. ಸ್ಟಿಕ್ಕರ್ ಪದರದ ಮೇಲೆ ಮೌಸ್ ತಿಕ್ಕುತ್ತಾ ಹೋದಂತೆ ಅಂಚು ಏಳುತ್ತದೆ. ಹೊಳೆಯುವ ಪದರವಾದರೆ ಮೌಸಿನ ಸೆನ್ಸರ್ ಬೆಳಕು ಪ್ರತಿಫಲಿಸಿ ಪಾಯಿಂಟರ್ ಕುಣಿಯುತ್ತದೆ. ಸಬ್ಲಿಮೇಶನ್‌ನಲ್ಲಿ ಹಾಗಲ್ಲ. ಬಿಸಿಗೆ ಶಾಯಿ ನೇರ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೇ ಸೇರುತ್ತದೆ. ಮೇಲೆ ಪದರವೇ ಇಲ್ಲ, ಏಳುವುದೇನು?

"ಪ್ಯಾಡಿನ ಮ್ಯಾಲಿನ ಬಟ್ಟಿ ಪಾಲಿಯೆಸ್ಟರ್ ಹೌದಿಲ್ರಿ?" ಅಂತಲೂ ಕೇಳಿ. ಹತ್ತಿ ಬಟ್ಟೆಗೆ ಈ ಶಾಯಿ ಹಿಡಿಯುವುದಿಲ್ಲ. ಕೆಳಗೆ ರಬ್ಬರ್ ಇರಬೇಕು, ಅಂಗೈಯಿಂದ ಒತ್ತಿ ತಳ್ಳಿದರೆ ಗಾಜಿನ ಮೇಲೆ ಜಾರಬಾರದು.

ಹತ್ತು ಇಪ್ಪತ್ತು ಬೇಕಾದರೆ ಮೊದಲು ಒಂದನ್ನು ಮಾತ್ರ ಮಾಡಿಸಿ. ಆ ಒಂದಕ್ಕೆ ಬಿಡಿ ದರ ಕೇಳುತ್ತಾರೆ, ಕೊಡಿ. ಅದನ್ನು ಹಗಲು ಬೆಳಕಿನಲ್ಲಿ, ಅಂಗಡಿಯ ಹೊರಗೆ ಹಿಡಿದು ನೋಡಿ. ಒಪ್ಪಿಗೆಯಾದ ಮೇಲೆ ಉಳಿದದ್ದಕ್ಕೆ ಚೌಕಾಸಿ ಮಾಡಿ. ಸೆಪ್ಟೆಂಬರ್ 5, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, ಜನವರಿ 26ರ ಹಿಂದಿನ ದಿನ ಹೋಗಿ ನಿಂತರೆ ಮಾದರಿಯೂ ಇಲ್ಲ, ಚೌಕಾಸಿಯೂ ಇಲ್ಲ.

ಒತ್ತುವ ಹೊತ್ತು

ಯಂತ್ರದ ಮುಂದೆ ನಿಂತು ನೋಡುವುದಕ್ಕೆ ಅಂಗಡಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ನಿಂತುಕೊಳ್ಳಿ. ಕೆಲಸ ಹೀಗೆ ನಡೆಯುತ್ತದೆ.

ಚಿತ್ರವನ್ನು ವಿಶೇಷ ಕಾಗದದ ಮೇಲೆ ಕನ್ನಡಿ ಬಿಂಬವಾಗಿ ಅಚ್ಚು ಹಾಕುತ್ತಾರೆ. ಕಾಗದದ ಮೇಲೆ ಅಕ್ಷರ ತಿರುವುಮುರುವಾಗಿ ಕಾಣಬೇಕು, ಬಣ್ಣ ಪೇಲವವಾಗಿ ಕಾಣಬೇಕು. ಗಾಬರಿ ಬೇಡ, ಬಿಸಿ ತಾಗಿದ ಮೇಲೆ ಬಣ್ಣ ಎದ್ದು ಬರುತ್ತದೆ. ವಿನ್ಯಾಸದಲ್ಲಿ ಅಕ್ಷರ ಇಲ್ಲದಿದ್ದರೆ ಕನ್ನಡಿ ಮಾಡಲು ಮರೆತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ನರುಳ್ಳೆ ನೋಡಿ. ಕಾಗದದ ಮೇಲೆ ಅದು ನೋಡುವವರ ಬಲಕ್ಕೆ ಇರಬೇಕು, ಪ್ಯಾಡಿನ ಮೇಲೆ ಎಡಕ್ಕೆ ಬರುತ್ತದೆ. ಇಂಥ ಅದಲು ಬದಲು ದೊಡ್ಡ ಕಡೆಯೂ ಇದೆ ಅನ್ನಿ. ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಶುರು ಮಾಡಿ ಮುಗಿಸದೇ ಬಿಟ್ಟ ಜಾರ್ಜ್ ವಾಷಿಂಗ್ಟನ್ ಚಿತ್ರವೇ ಒಂದು ಡಾಲರ್ ನೋಟಿನ ಮೇಲಿರುವುದು, ಆದರೆ ನೋಟಿನಲ್ಲಿ ಅದು ಕನ್ನಡಿ ಬಿಂಬ. ಯಾರಿಗಾದರೂ ವಾಷಿಂಗ್ಟನ್ ಪ್ಯಾಡ್ ಮಾಡಿಸುವುದಾದರೆ ನೋಟಿಗೆ ಹೋಲಿಸಿ 'ತಪ್ಪಾಗಿದೆ' ಅಂತ ಜಗಳ ತೆಗೆಯಬೇಡಿ.

ಆಮೇಲೆ ಖಾಲಿ ಪ್ಯಾಡನ್ನು ಕೆಲವು ಸೆಕೆಂಡ್ ಸುಮ್ನೆ ಬಿಸಿ ಮಾಡಬೇಕು. ಬಟ್ಟೆಯ ತೇವ ಹೋಗಲಿ ಅಂತ. ಬೇಸಿಗೆಯಲ್ಲಿ ನಮ್ಮ ಒಣ ಗಾಳಿಗೆ ಇದು ಅಷ್ಟು ಮುಖ್ಯವಲ್ಲ. ಮಳೆಗಾಲದಲ್ಲಿ ಬಿಟ್ಟರೆ ಚಿತ್ರದಲ್ಲಿ ಮಚ್ಚೆ ಬೀಳುತ್ತದೆ. ಶಿಕ್ಷಕರ ದಿನ ಬರುವುದೂ ಮಳೆಗಾಲದಲ್ಲೇ, ನೆನಪಿರಲಿ.

ಕಾಗದವನ್ನು ಚಿತ್ರ ಕೆಳಗಾಗಿ ಪ್ಯಾಡಿನ ಮೇಲಿಟ್ಟು, ಬಿಸಿ ತಡೆಯುವ ಟೇಪ್ ಹಚ್ಚುತ್ತಾರೆ. ಟೇಪ್ ಇಲ್ಲದಿದ್ದರೆ ಪ್ರೆಸ್ ಎತ್ತುವಾಗ ಕಾಗದ ಕೂದಲೆಳೆಯಷ್ಟು ಸರಿದರೂ ಲಿಂಕನ್‌ಗೆ ಎರಡು ಗಡ್ಡ ಬರುತ್ತವೆ. ಮೇಲೆ ಟೆಫ್ಲಾನ್ ಹಾಳೆ. ಶಾಖ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್, ಹೊತ್ತು 40ರಿಂದ 60 ಸೆಕೆಂಡ್, ಒತ್ತಡ ಮಧ್ಯಮ. ಒತ್ತಡ ಜಾಸ್ತಿಯಾದರೆ ರಬ್ಬರ್ ಚಪ್ಪಟೆಯಾಗಿ ಅಂಚಿನ ಗುರುತು ಉಳಿಯುತ್ತದೆ. ಕಡಿಮೆಯಾದರೆ ಮೂಲೆಗಳು ಮಾಸಲು. ಹೊತ್ತು ಜಾಸ್ತಿಯಾದರೆ ಕಪ್ಪು ಬಣ್ಣ ಕಂದಾಗಿ ಗೆರೆಗಳು ಹರಡುತ್ತವೆ. ಯಂತ್ರ ಬಿಸಿಯಾಗುತ್ತಿರುವಾಗ ಕರೆಂಟ್ ಹೋದರೆ, ಬಂದ ತಕ್ಷಣ ಒತ್ತಲು ಬಿಡಬೇಡಿ. ಮತ್ತೆ ಪೂರ್ತಿ ಬಿಸಿಯಾಗಲಿ.

ತೆಗೆದ ಕೂಡಲೇ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಗಾಳಿಗೆ ಇಟ್ಟರೆ ಎರಡು ದಿನಕ್ಕೆ ಹೋಗುತ್ತದೆ. ಬಿಸಿಯಿದ್ದಾಗ ಮಡಚಬೇಡಿ, ಸಮತಟ್ಟಾದ ಕಡೆ ಇಟ್ಟು ಮೇಲೆ ಒಂದು ದಪ್ಪ ಪುಸ್ತಕ ಹೇರಿ. ಮೂಲೆ ಮೇಲೇಳುವುದು ಅಲ್ಲಿಗೇ ನಿಲ್ಲುತ್ತದೆ.

ದುಡ್ಡು ಕೊಡುವ ಮುಂಚೆ ಬಿಳಿ ಕರವಸ್ತ್ರವನ್ನು ಸ್ವಲ್ಪ ನೆನೆಸಿ ಕಪ್ಪು ಕೋಟಿನ ಮೇಲೆ ಗಟ್ಟಿಯಾಗಿ ಉಜ್ಜಿ. ಬಣ್ಣ ಹತ್ತಿದರೆ ಒತ್ತಿದ್ದು ಸಾಲದು. ಅಂಗಡಿಯ ಮೌಸನ್ನೇ ಇಟ್ಟು ಓಡಿಸಿ ನೋಡಿ, ಚಿತ್ರದ ಮೇಲೂ ಖಾಲಿ ಜಾಗದ ಮೇಲೂ ಪಾಯಿಂಟರ್ ಒಂದೇ ಥರ ಹೋಗಬೇಕು.

ಮಾರುವ ಯೋಚನೆ ಇದ್ದರೆ

ಭಾವಚಿತ್ರದ ಪಕ್ಕ ಸಿಂಹದ ಲಾಂಛನ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. 2005ರ ರಾಷ್ಟ್ರ ಲಾಂಛನ ಕಾಯ್ದೆ ಅದನ್ನು ತಡೆಯುತ್ತದೆ, ಉಡುಗೊರೆಗೂ ಹಾಕದಿರುವುದೇ ಲೇಸು. ರಾಷ್ಟ್ರಧ್ವಜವೂ ಬೇಡ. ದಿಂಬು, ಕರವಸ್ತ್ರದ ಮೇಲೆ ಧ್ವಜ ಅಚ್ಚು ಹಾಕಬಾರದು ಅಂತ ಧ್ವಜ ಸಂಹಿತೆ ಹೇಳುತ್ತದೆ, ಇನ್ನು ಕೈ ಊರುವ ಪ್ಯಾಡಿನ ಮೇಲೆ ಹೇಗೆ ಸರಿ? ಗಾಂಧೀಜಿ ಮತ್ತು ಪ್ರಧಾನಿಯ ಹೆಸರು, ಚಿತ್ರವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆಯ ನಿರ್ಬಂಧ ಇದೆ. ಅಮೆರಿಕದ ಅಧ್ಯಕ್ಷರ ಹದ್ದಿನ ಮುದ್ರೆಗೂ ಅಲ್ಲಿನ ಕಾನೂನಿನ ಕಾವಲಿದೆ. ಮುಖ, ಹೆಸರು, ವರ್ಷ ಇಷ್ಟೇ ಇದ್ದರೆ ಪ್ಯಾಡ್ ನೋಡಲೂ ಚೆನ್ನ.

ಕಾಪಾಡಿಕೊಳ್ಳುವುದು

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಪ್ಯಾಡನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ರಬ್ಬರ್ ಬಾಗುತ್ತದೆ. ಕಿಟಕಿಯ ಬಿಸಿಲು ನೇರ ಬೀಳುವ ಮೇಜಿನ ಮೇಲೂ ಚಿತ್ರ ಬೇಗ ಮಾಸುತ್ತದೆ, ಮೊದಲು ಹೋಗುವುದು ಮುಖದ ತಿಳಿ ಬಣ್ಣಗಳೇ.

ಧೂಳನ್ನು ಕೈಯಿಂದ ಬಡಿದು ತೆಗೆಯಬೇಡಿ, ಹಣಿಗೆಯ ಬ್ರಷ್ ಸಾಕು. ಚಹಾ ಚೆಲ್ಲಿದರೆ ಕೂಡಲೇ ಒಣ ಬಟ್ಟೆ ಒತ್ತಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಕಲಸಿ ಮೆತ್ತಗೆ ತೊಳೆಯಿರಿ. ಹಿಂಡಬಾರದು, ಇಸ್ತ್ರಿ ಬೇಡ. ನೆರಳಿನಲ್ಲಿ ಚಪ್ಪಟೆಯಾಗಿ ಒಣಗಿಸಿ. ತಂತಿಗೆ ಹಾಕಿದರೆ ನಡುವೆ ಮಡಿಕೆ ಬಿದ್ದು ಹಾಗೇ ಉಳಿಯುತ್ತದೆ.

ಬೀದರಿಗೋ ಯಾದಗಿರಿಗೋ ಅಂಚೆಯಲ್ಲಿ ಕಳಿಸುವುದಾದರೆ ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಯೇ ಕಳಿಸಿ. ಸುತ್ತಲೇಬೇಕಾದರೆ ಚಿತ್ರ ಹೊರಗಡೆ ಬರುವಂತೆ ಸಡಿಲವಾಗಿ ಸುತ್ತಿ. ಒಳಗಡೆ ಬರುವಂತೆ ಸುತ್ತಿದರೆ ಬಿಚ್ಚಿದ ಮೇಲೆ ಅಂಚುಗಳು ಮೇಲೆ ಮುದುಡಿಕೊಳ್ಳುತ್ತವೆ, ಮೌಸ್ ಹೋಗಿ ಹೋಗಿ ಅದಕ್ಕೇ ತಾಗುತ್ತಿರುತ್ತದೆ.